ಬಂದೂಕು ಬದಿಗಿಟ್ಟು ಕೂತಾಗ

ಹೊಸ ಗೇಮು ಕೈಗೆ ಬಂದರೆ ನಾನು ಮೊದಲು ಹುಡುಕುವುದು ನೀರು. ಹೊಳೆಯೋ ಕೆರೆಯೋ ಜವುಗು ನೆಲವೋ ಸಿಕ್ಕ ಕೂಡಲೇ ಒಂದು ಮರೆ ಹಿಡಿದು, ಬಂದೂಕನ್ನು ಬೆನ್ನಿಗೇರಿಸಿ, ಕಂಟ್ರೋಲರನ್ನು ತೊಡೆಯ ಮೇಲಿಟ್ಟು ಕೂತುಬಿಡುತ್ತೇನೆ. ತಂಗಿಯ ಮಗ ಪಕ್ಕದಲ್ಲಿದ್ದರೆ ಸ್ವಲ್ಪ ಹೊತ್ತಿಗೇ ಚಡಪಡಿಸುತ್ತಾನೆ. "ಮಾಮ, ಏನಾದ್ರೂ ಮಾಡಿ. ಹೀಗೆ ಸುಮ್ನೆ ಕೂತ್ರೆ ಏನೂ ಆಗಲ್ಲ" ಅನ್ನುತ್ತಾನೆ. ಆಗುತ್ತದೋ ಇಲ್ಲವೋ ಅನ್ನುವುದನ್ನು ತಿಳಿಯಲಿಕ್ಕೇ ನಾನು ಕೂತಿರುವುದು. ಆಡುವವನು ಕೈಕಟ್ಟಿ ಕೂತರೂ ತನ್ನ ಪಾಡಿಗೆ ನಡೆಯುತ್ತಿರುವ ಲೋಕವಾದರೆ ಅಲ್ಲಿ ನೋಡುವುದಕ್ಕೆ ಏನಾದರೂ ಇದೆ. ಅವನು ನಿಂತ ಕೂಡಲೇ ಎಲ್ಲವೂ ನಿಂತರೆ ಅದು ಜಾತ್ರೆಯಲ್ಲಿ ಬಲೂನಿಗೆ ಗುರಿಯಿಡುವ ಅಂಗಡಿ, ಎಷ್ಟು ಸಾವಿರ ರೂಪಾಯಿ ಕೊಟ್ಟು ತಂದಿದ್ದರೂ ಅಷ್ಟೇ.

ಆಕ್ಷನ್ ಮತ್ತು ಟ್ಯಾಕ್ಟಿಕಲ್ ಗೇಮುಗಳನ್ನು ಹೀಗೆ ಕೂತು ನೋಡಿ ಬರೆದಿಟ್ಟ ಟಿಪ್ಪಣಿಗಳು ಇವು. ಕತೆ, ಗ್ರಾಫಿಕ್ಸ್, ಬಾಸ್ ಫೈಟುಗಳ ಬಗ್ಗೆ ಬರೆಯುವವರು ಬೇಕಾದಷ್ಟಿದ್ದಾರೆ. ಆ ಉಸಾಬರಿಗೆ ನಾನು ಹೋಗುವುದಿಲ್ಲ.

ಅಳತೆಗೋಲು ಯಾವುದೆಂದು ಮೊದಲೇ ಹೇಳಿಬಿಡಬೇಕು. ರಾಕ್‌ಸ್ಟಾರ್‌ನ 'ರೆಡ್ ಡೆಡ್ ರಿಡೆಂಪ್ಷನ್ 2' ಬಂದದ್ದು 2018ರಲ್ಲಿ. ಹೊಸದಲ್ಲ, ಆದರೆ ಅದಾದ ಮೇಲೆ ಬಂದದ್ದನ್ನೆಲ್ಲ ನಾನು ಅದರ ಪಕ್ಕದಲ್ಲಿಟ್ಟೇ ನೋಡುವುದು. ಕತೆ ನಡೆಯುವುದು 1899ರ ಅಮೆರಿಕದಲ್ಲಿ. ಊರುಗಳ ಹೆಸರು ಕಟ್ಟಿದ್ದು, ನೆಲ ಮಾತ್ರ ನಿಜವಾದ ನೆಲವನ್ನು ನೋಡಿ ಮಾಡಿದ್ದು. ಸುಮಾರು 200 ಬಗೆಯ ಪ್ರಾಣಿ, ಪಕ್ಷಿ, ಮೀನುಗಳಿವೆ. ಇದನ್ನು ಮಾಡಿದ ಸ್ಟುಡಿಯೊಗಳಲ್ಲಿ ಬೆಂಗಳೂರಿನದೂ ಒಂದು ಅನ್ನುವುದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ನನ್ನ ಜಾಗ ಬಾಯೂ ನ್ವಾ, ಲೂಸಿಯಾನದ ಜವುಗಿನಂತೆ ಮಾಡಿರುವ ಮೂಲೆ. ಆಟದ ಗಡಿಯಾರದಲ್ಲಿ ಬೆಳಗಿನ ಆರು. ಇಲ್ಲಿ ಒಂದು ಹಗಲು-ರಾತ್ರಿ ನಮ್ಮ 48 ನಿಮಿಷದಲ್ಲಿ ಮುಗಿಯುತ್ತದೆ, ಹಾಗಾಗಿ ಬೆಳಕು ಕಣ್ಣೆದುರೇ ಜರುಗುತ್ತದೆ. ನೀರಿನಿಂದ ಎದ್ದ ಸೈಪ್ರೆಸ್ ಮರಗಳು, ಕೊಂಬೆಗಳಿಂದ ಜೋತ ಬೂದು ಪಾಚಿ, ಮಂಜು. ಬೆಳ್ಳಕ್ಕಿಯೊಂದು ಕಾಲೂರಿ ನಿಂತಿದೆ. ಅದರಾಚೆ ತೇಲುತ್ತಿರುವುದು ಮರದ ತುಂಡಲ್ಲ, ಅಲಿಗೇಟರ್. ದುರ್ಬೀನು ತೆಗೆದು ಒಂದು ಪ್ರಾಣಿಯ ಮೇಲೆ ಕಣ್ಣು ನೆಟ್ಟರೆ, ಕೊಲ್ಲದೆಯೇ ಅದು ನಿಮ್ಮ ಪುಸ್ತಕದಲ್ಲಿ ದಾಖಲಾಗುತ್ತದೆ. ಬಂದೂಕಿನ ಗೇಮಿನಲ್ಲಿ ದುರ್ಬೀನಿಗೆ ಇಷ್ಟು ಮರ್ಯಾದೆ ಕೊಟ್ಟದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಯಾರೋ ಹೊಡೆದು ಬಿಟ್ಟ ಜಿಂಕೆಯೊಂದು ದಂಡೆಯಲ್ಲಿ ಬಿದ್ದಿತ್ತು. (ಯಾರೋ ಏನು, ತಂಗಿಯ ಮಗನೇ.) ಅದನ್ನೇ ನೋಡುತ್ತ ಕೂತೆ. ಮೊದಲು ನೊಣ ಮುತ್ತಿದವು. ಆಮೇಲೆ ಆಕಾಶದಲ್ಲಿ ರಣಹದ್ದುಗಳು ಸುತ್ತು ಹಾಕಿ, ಒಂದೊಂದಾಗಿ ಇಳಿದು, ರೆಕ್ಕೆ ಅರೆ ಬಿಚ್ಚಿ ಕುಪ್ಪಳಿಸುತ್ತ ಹತ್ತಿರ ಬಂದವು. ಆಟದ ದಿನಗಳು ಕಳೆದಂತೆ ಹೆಣ ಬಣ್ಣಗೆಟ್ಟು ಕೊಳೆಯುತ್ತ ಹೋಯಿತು. ಅಮೆರಿಕದ ಟರ್ಕಿ ರಣಹದ್ದು ವಾಸನೆ ಹಿಡಿದು ಬರುವ ಹಕ್ಕಿ. ನಮ್ಮ ರಣಹದ್ದುಗಳು ಕಣ್ಣನ್ನೇ ನಂಬಿದವು. ಆಟದ ಹದ್ದು ಮೂಗು ನಂಬಿದ್ದೋ ಕಣ್ಣು ನಂಬಿದ್ದೋ ಕೇಳುವ ಹಾಗಿಲ್ಲ. ಆದರೆ ಹೆಣ ಕೊಳೆಯಬೇಕು, ಕೊಳೆತದ್ದನ್ನು ಯಾರಾದರೂ ತಿನ್ನಬೇಕು ಎಂದು ಕೂತು ಯೋಚಿಸಿದವರಿದ್ದಾರಲ್ಲ, ಅಷ್ಟು ಸಾಕು. ಹೆಚ್ಚಿನ ಗೇಮುಗಳಲ್ಲಿ ಹೆಣ ಮಾಯವಾಗುತ್ತದೆ.

ಈ ಜವುಗಿನಲ್ಲೇ ಹಸಿರು ಮೈ, ಹಳದಿ ತಲೆಯ ಗಿಳಿಗಳ ಹಿಂಡಿದೆ: ಕ್ಯಾರೊಲಿನಾ ಗಿಳಿ. ಅಮೆರಿಕದ ಪೂರ್ವಭಾಗಕ್ಕೆ ಇದ್ದ ಏಕೈಕ ಸ್ವಂತ ಗಿಳಿ ಅದು. ಹಿಂಡಿನಲ್ಲಿ ಒಂದು ಗುಂಡು ತಿಂದು ಬಿದ್ದರೆ ಉಳಿದವು ಹಾರಿಹೋಗದೆ ಬಿದ್ದದ್ದರ ಸುತ್ತ ಮತ್ತೆ ಬಂದು ಸೇರುತ್ತಿದ್ದವಂತೆ. ತೋಟದವರಿಗೆ ಹೊಡೆಯುವುದು ಸುಲಭವಾಯಿತು. ಕೊನೆಯ ಸಾಕಿದ ಹಕ್ಕಿ 1918ರಲ್ಲಿ ಸಿನ್ಸಿನಾಟಿ ಮೃಗಾಲಯದಲ್ಲಿ ಸತ್ತಿತು. ಆಟದಲ್ಲಿ ತೋಳ, ಜಿಂಕೆ, ಮೊಲ ಎಷ್ಟು ಹೊಡೆದರೂ ಮತ್ತೆ ಹುಟ್ಟಿಬರುತ್ತವೆ. ಈ ಗಿಳಿ ಮಾತ್ರ ಹಾಗಲ್ಲ. ಹೊಡೆಯುತ್ತ ಹೋದರೆ ಮುಗಿದೇಹೋಗುತ್ತದೆ, ಮುಗಿಯಿತೆಂದು ಆಟವೇ ತಿಳಿಸುತ್ತದೆ. ಟೋಪಿಗೆ ಸಿಕ್ಕಿಸುವ ಗರಿಗಾಗಿ ಬೆಳ್ಳಕ್ಕಿ, ಬಕ, ಚಮಚಕೊಕ್ಕುಗಳನ್ನು ಹೊಡೆದು ತರಲು ಕೇಳುವ ಒಬ್ಬ ಷೋಕಿಲಾಲನೂ ಇದ್ದಾನೆ. ಅಮೆರಿಕ ಕಾಡುಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕಿದ ಲೇಸಿ ಕಾಯ್ದೆ ಬಂದದ್ದು 1900ರಲ್ಲಿ. ಈ ಕತೆಯ ಮರುವರ್ಷ. ಬರೆದವರು ಇಸವಿಯನ್ನು ಸುಮ್ಮನೆ ಆರಿಸಿಲ್ಲ.

ತಕರಾರು ಇದೆ. ಪ್ರಾಣಿಗಳು ವಿಪರೀತ ಹೆಚ್ಚು. ಕುದುರೆ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಜಿಂಕೆ, ಇನ್ನು ನಾಲ್ಕಕ್ಕೆ ನರಿ. ನಿಜವಾದ ಕಾಡಿನಲ್ಲಿ ದಿನವಿಡೀ ಅಲೆದರೂ ಸಿಗುವುದು ಹಿಕ್ಕೆ, ಹೆಜ್ಜೆ ಗುರುತು, ಪೊದೆಯೊಳಗೆ ಏನೋ ಓಡಿದ ಸದ್ದು. ಆದರೂ ಲಾಭವಾಗಿಲ್ಲ ಅನ್ನುವ ಹಾಗಿಲ್ಲ. ಎಕ್ಸೆಟರ್ ವಿಶ್ವವಿದ್ಯಾಲಯದವರೂ ಸೇರಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ 15 ಪ್ರಾಣಿಗಳ ಚಿತ್ರ ತೋರಿಸಿ ಹೆಸರು ಕೇಳಿದ್ದರು. ಈ ಗೇಮು ಆಡಿದವರು ಸರಾಸರಿ 10 ಗುರುತಿಸಿದರು. ಆಡದವರಿಗಿಂತ ಮೂರು ಹೆಚ್ಚು. ನಮ್ಮ ಎಷ್ಟು ಶಾಲೆಗಳು ಪಶ್ಚಿಮ ಘಟ್ಟದ ಬಗ್ಗೆ ಇಷ್ಟು ಕಲಿಸಿವೆಯೋ.

ಇದರ ಪಕ್ಕದಲ್ಲಿ 'ಸ್ಟಾಕರ್ 2' ಇಟ್ಟು ನೋಡಿ. ಉಕ್ರೇನಿನ ಜಿಎಸ್‌ಸಿ ಗೇಮ್ ವರ್ಲ್ಡ್ ಯುದ್ಧದ ನಡುವೆ ಮಾಡಿ ಮುಗಿಸಿ 2024ರ ನವೆಂಬರಿನಲ್ಲಿ ಬಿಡುಗಡೆ ಮಾಡಿದ ಗೇಮು. ಆ ಛಲಕ್ಕೆ ನಮಸ್ಕಾರ. ನಡೆಯುವ ಜಾಗ ಚೆರ್ನೋಬಿಲ್ ಸುತ್ತಲಿನ ನಿಷೇಧಿತ ವಲಯ. 1986ರ ದುರಂತದ ಮೇಲೆ ಜನ ಖಾಲಿಯಾದ ಸುಮಾರು 2,600 ಚದರ ಕಿಲೋಮೀಟರಿನ ಆ ನೆಲದಲ್ಲಿ ಇವತ್ತು ತೋಳ, ಲಿಂಕ್ಸ್, ಕಡವೆಗಿಂತ ದೊಡ್ಡದಾದ ಎಲ್ಕ್, ತೊಂಬತ್ತರ ದಶಕದ ಕೊನೆಯಲ್ಲಿ ತಂದು ಬಿಟ್ಟ ಪ್ರಜೆವಾಲ್ಸ್‌ಕಿ ಕುದುರೆಗಳು ಇವೆ. ಮನುಷ್ಯ ಹೋದ ಮೇಲೆ ಕಾಡು ಏನು ಮಾಡುತ್ತದೆಂದು ನೋಡಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಆಡುವವನು ಕಾಣದ ದೂರದಲ್ಲೂ ಪ್ರಾಣಿಗಳೂ ಮನುಷ್ಯರೂ ತಮ್ಮ ತಮ್ಮ ಕೆಲಸದಲ್ಲಿ ಓಡಾಡುವ 'ಎ-ಲೈಫ್' ಅನ್ನುವ ವ್ಯವಸ್ಥೆ ಈ ಸರಣಿಯ ಹೆಗ್ಗಳಿಕೆ. 2007ರ ಮೊದಲ ಗೇಮಿನಲ್ಲೇ ಇತ್ತು.

ಬಿಡುಗಡೆಯಾದ ಹೊಸದರಲ್ಲಿ ಪಾಳು ಬಿದ್ದ ಕೊಟ್ಟಿಗೆಯೊಂದರ ಪಕ್ಕ ಕೂತು ಕಾದೆ. ಹುಲ್ಲು ಗಾಳಿಗೆ ಚೆನ್ನಾಗಿ ಓಲಾಡುತ್ತಿತ್ತು, ಮೋಡ ಸರಿಯುತ್ತಿತ್ತು. ಬೇರೇನೂ ಬರಲಿಲ್ಲ. ಎದ್ದು ಹತ್ತು ಹೆಜ್ಜೆ ಹಾಕಿದ್ದೇ ತಡ, ಆಗಷ್ಟೇ ಖಾಲಿ ನೋಡಿದ್ದ ಬಯಲಿನಲ್ಲಿ, ನನ್ನ ಬೆನ್ನ ಹಿಂದೆ, ನಾಯಿಗಳ ಹಿಂಡು. ಎಲ್ಲಿಂದಲೂ ಬಂದದ್ದಲ್ಲ, ಅಲ್ಲೇ ಉದ್ಭವಿಸಿದ್ದು. ಎ-ಲೈಫ್ ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂದು ಮಾಡಿದವರೇ ಒಪ್ಪಿಕೊಂಡು ಡಿಸೆಂಬರಿನಿಂದ ಒಂದೊಂದೇ ದುರಸ್ತಿ ಮಾಡುತ್ತ ಬಂದರು. ಈಗ ಮೊದಲಿಗಿಂತ ವಾಸಿ. ಆದರೂ ಸದ್ಯಕ್ಕೆ ಅದು ಆಡುವವನ ಸುತ್ತ ಒಂದು ಕೊಡೆಯಗಲ ಮಾತ್ರ ಉಸಿರಾಡುವ ಕಾಡು. ಆಕಾಶಕ್ಕೆ ಪೂರ್ತಿ ಅಂಕ, ನೆಲಕ್ಕೆ ಅರ್ಧ.

ಕ್ಯಾಪ್‌ಕಾಮ್‌ನ 'ಮಾನ್ಸ್ಟರ್ ಹಂಟರ್ ವೈಲ್ಡ್ಸ್' ತದ್ವಿರುದ್ಧ. 2025ರ ಫೆಬ್ರುವರಿ 28ರಂದು ಬಂದು ಮೂರೇ ದಿನದಲ್ಲಿ 80 ಲಕ್ಷ ಪ್ರತಿ ಮಾರಾಟವಾಯಿತು. ಪ್ರಾಣಿಗಳೆಲ್ಲ ಕಲ್ಪನೆಯವು, ಆದರೆ ಅವುಗಳ ಬದುಕು ಲೆಕ್ಕಾಚಾರದ್ದು. ಒಂದೇ ಬಯಲು ಬರಗಾಲ, ಬಿರುಗಾಳಿ, ಸಮೃದ್ಧಿ ಎಂದು ಮೂರು ಸ್ಥಿತಿಗೆ ತಿರುಗುತ್ತದೆ. ಬರದಲ್ಲಿ ಹಸಿದ ಹಿಂಸ್ರಪ್ರಾಣಿಗಳು ಹಿಂಡು ಕಟ್ಟುತ್ತವೆ, ಸಮೃದ್ಧಿಯಲ್ಲಿ ಮೇಯುವವು ಹೊರಬರುತ್ತವೆ. ದೋಶಗುಮ ಅನ್ನುವ ಕರಡಿಯಂಥ ಮೃಗಗಳ ಹಿಂಡಿಗೆ ಒಂದು ಯಜಮಾನ. ಅದನ್ನು ಉಳಿದವುಗಳಿಂದ ಬೇರ್ಪಡಿಸಬೇಕಾದರೆ ಲದ್ದಿಯ ಉಂಡೆ ಎಸೆಯಬೇಕು. ಹಿಂಡು ಚದುರುತ್ತದೆ. ಯೋಚಿಸಿದ ಪುಣ್ಯಾತ್ಮನಿಗೆ ಹೊಲ ಕಾದು ಗೊತ್ತಿರಬೇಕು.

ಇಷ್ಟೆಲ್ಲ ಮಾಡಿ ಕೊನೆಗೆ ಕೆಡಿಸಿದ್ದು ಸವಾರಿಯ ಹಕ್ಕಿ, ಸೈಕ್ರೆಟ್. ಬೇಟೆ ಎಲ್ಲಿದೆಯೋ ಅಲ್ಲಿಗೆ ಅದು ತಾನಾಗಿ ಓಡುತ್ತದೆ. 2018ರ 'ಮಾನ್ಸ್ಟರ್ ಹಂಟರ್: ವರ್ಲ್ಡ್'ನಲ್ಲಿ ಕೆಸರಿನ ಹೆಜ್ಜೆ, ಮರಕ್ಕೆ ಉಜ್ಜಿದ ಗುರುತು, ಉದುರಿದ ಪೊರೆ ಹುಡುಕುತ್ತ ಜಾಡು ಹಿಡಿಯಬೇಕಿತ್ತು, ಹುಡುಕುವಾಗಲೇ ಆ ಕಾಡು ಪರಿಚಯವಾಗುತ್ತಿತ್ತು. ವೈಲ್ಡ್ಸ್‌ನಲ್ಲಿ ಮೇಯುವ ಹಿಂಡನ್ನು ದಾಟಿ ಮಿಂಚಿನಂತೆ ಹೋಗಿಬಿಡುತ್ತೇವೆ. ಜೀಪಿನಲ್ಲಿ ಕೂತು ಹುಲಿ ತೋರಿಸಿ ಹುಲಿ ತೋರಿಸಿ ಎಂದು ಡ್ರೈವರನ ಪ್ರಾಣ ತಿನ್ನುವ ಸಫಾರಿಯವರಿಗೆ ಹೇಳಿ ಮಾಡಿಸಿದ್ದು. ನೀವು ಕೊಂಡರೆ ಇಳಿದು ನಡೆಯಿರಿ.

ಯೂಬಿಸಾಫ್ಟ್‌ನ 'ಅಸಾಸಿನ್ಸ್ ಕ್ರೀಡ್ ಶ್ಯಾಡೋಸ್' (ಮಾರ್ಚ್ 2025) ಮೇಲೆ ನನಗೆ ಹೆಚ್ಚು ಭರವಸೆ ಇರಲಿಲ್ಲ. 16ನೇ ಶತಮಾನದ ಜಪಾನು, ಕತ್ತಿ, ಕೋಟೆ, ಮಾಮೂಲು ಸರಕು. ಆದರೆ ಋತು ತಿರುಗುತ್ತದೆ, ತಿರುಗಿದ್ದು ಆಟಕ್ಕೆ ತಟ್ಟುತ್ತದೆ. ಬೇಸಿಗೆಯಲ್ಲಿ ಅಡಗಿದ್ದ ಪೊದೆ ಚಳಿಗಾಲಕ್ಕೆ ಬೋಳು. ಮುಳುಗಿ ಕಣ್ತಪ್ಪಿಸಿದ್ದ ಕೊಳ ಹೆಪ್ಪುಗಟ್ಟಿರುತ್ತದೆ. ಸೂರಿನಂಚಿನ ಹಿಮದ ಕಡ್ಡಿ ಮುರಿದು ಬಿದ್ದರೆ ಕಾವಲಿನವನು ತಿರುಗಿ ನೋಡುತ್ತಾನೆ. ಅದಕ್ಕಿಂತ ಹೆಚ್ಚಾಗಿ ಅಲ್ಲಿ ಚಿತ್ರ ಬರೆಯುವ ಕೆಲಸವೊಂದಿದೆ: ಪ್ರಾಣಿಗೆ ಸುಳಿವು ಕೊಡದೆ ಬಗ್ಗಿ ಹತ್ತಿರ ಸರಿದು, ಅದು ಬೆದರದಿದ್ದರೆ ಮಸಿಯಲ್ಲಿ ಬರೆದುಕೊಳ್ಳಬಹುದು. ಬೆದರಿತೋ, ಹೋಯಿತು. ಅವಸರದಲ್ಲಿ ಎರಡು ಹೆಜ್ಜೆ ಹೆಚ್ಚು ಹಾಕಿ ಹಕ್ಕಿ ಕಳೆದುಕೊಂಡ ಅನುಭವ ಹಕ್ಕಿ ನೋಡುವವರಿಗೆಲ್ಲ ಇದ್ದದ್ದೇ. ಬರೆದ ಪ್ರಾಣಿ ಆಮೇಲೆ ನಿಮ್ಮ ಬಿಡಾರದ ಅಂಗಳದಲ್ಲಿ ಅಲಂಕಾರಕ್ಕೆ ಬಂದು ಕೂರುವುದು ಮಾತ್ರ ಯಾರ ತಲೆಯೋ ಕಾಣೆ. ಇನ್ನು 2020ರ 'ಘೋಸ್ಟ್ ಆಫ್ ಸುಶಿಮಾ'. ದಾರಿ ತೋರಿಸಲು ಬಾಣದ ಗುರುತಿನ ಬದಲು ಗಾಳಿ ಬೀಸಿಸಿದ್ದು ಅದರ ಜಾಣತನ. ಆದರೆ ಹಾದಿಯಲ್ಲಿ ಸಿಗುವ ನರಿ, ಹಕ್ಕಿಗಳೆಲ್ಲ ಎಲ್ಲಿಗೋ ಕರೆದೊಯ್ಯುವ ಗೈಡುಗಳೇ. ಸ್ವಂತ ಕೆಲಸವಿರುವುದು ಒಂದೂ ಇಲ್ಲ. ಸುಶಿಮಾ ದ್ವೀಪದಲ್ಲಿ ನಿಜವಾಗಿ ಇರುವ, ನಮ್ಮ ಘಟ್ಟದ ಚಿರತೆ ಬೆಕ್ಕಿನ ಬಳಗದ್ದೇ ಆದ ಅಪರೂಪದ ಬೆಕ್ಕು ನನ್ನ ಕಣ್ಣಿಗೆ ಎಲ್ಲೂ ಬೀಳಲಿಲ್ಲ.

ಕೆಲವನ್ನು ಒಂದೊಂದು ಸಾಲಿನಲ್ಲಿ ಮುಗಿಸುತ್ತೇನೆ. 'ಹೆಲ್‌ಡೈವರ್ಸ್ 2': ಹುಳುಗಳು ಲೆಕ್ಕವಿಲ್ಲದಷ್ಟು, ನಾಲ್ಕು ಜನ ಗೆಳೆಯರಿದ್ದರೆ ಭರ್ಜರಿ, ಕೂತು ನೋಡುವವನು ಅರ್ಧ ನಿಮಿಷದಲ್ಲಿ ಹೆಣ. 'ಫಾರ್ ಕ್ರೈ 4': ಹಿಮಾಲಯದಂಥ ಕಲ್ಪಿತ ನಾಡು, ಹದ್ದಿನಿಂದ ಹಿಡಿದು ಎಲ್ಲಕ್ಕೂ ಮನುಷ್ಯನ ಮೇಲೆ ಹಗೆ, ಕಾಡಿನಲ್ಲಿ ನಮಗೆ ಸಾಮಾನ್ಯವಾಗಿ ಕಾಣುವುದು ಪ್ರಾಣಿಯ ಹಿಂಭಾಗ ಅನ್ನುವುದನ್ನು ಇವರಿಗೆ ಯಾರಾದರೂ ಹೇಳಬೇಕಿತ್ತು. 'ಕಿಂಗ್‌ಡಮ್ ಕಮ್: ಡೆಲಿವರೆನ್ಸ್ 2': 1403ರ ಬೊಹೀಮಿಯಾ, ದೊರೆಯ ಕಾಡಿನಲ್ಲಿ ಜಿಂಕೆ ಹೊಡೆದರೆ ಅದು ಕಳ್ಳಬೇಟೆ, ಮಾಂಸ ಕದ್ದ ಮಾಲು. ಕೊಳ್ಳಿ.

ಕಿವಿಯಿಂದ ಆಡುವ ಗೇಮೆಂದರೆ ಕ್ರೈಟೆಕ್‌ನ 'ಹಂಟ್: ಶೋಡೌನ್'. 2019ರಲ್ಲಿ ಪೂರ್ಣರೂಪಕ್ಕೆ ಬಂದು, 2024ರ ಆಗಸ್ಟಿನಲ್ಲಿ ಹೆಸರಿಗೆ 1896 ಸೇರಿಸಿಕೊಂಡು ಹೊಸದಾಗಿದೆ. ಮತ್ತೆ ಲೂಸಿಯಾನದ ಜವುಗು, ಒಂದು ಪಂದ್ಯಕ್ಕೆ ಹೆಚ್ಚೆಂದರೆ 12 ಜನ, ಯಾರು ಎಲ್ಲಿದ್ದಾರೆಂದು ತೋರಿಸುವ ಮ್ಯಾಪಿಲ್ಲ. ಇರುವುದು ಪ್ರಾಣಿಗಳು: ನೆಲದಲ್ಲಿ ಕೂತ ಕಾಗೆ, ನೀರಿನಲ್ಲಿ ಬಾತು, ಬೋನಿನೊಳಗೆ ನಾಯಿ, ಗೂಡಿನಲ್ಲಿ ಕೋಳಿ, ದಾರಿಬದಿಯಲ್ಲಿ ಗಾಯಗೊಂಡು ಬಿದ್ದ ಕುದುರೆ. ಹತ್ತಿರ ಹೋದರೆ ಇವು ಸದ್ದೆಬ್ಬಿಸುತ್ತವೆ, ಆ ಸದ್ದು ದೂರಕ್ಕೆ ಕೇಳುತ್ತದೆ.

ಹಳೆಯ ಗರಗಸದ ಮಿಲ್ಲಿನ ಹಿಂದೆ ಹುಲ್ಲಿನಲ್ಲಿ ಕೂತಿದ್ದೇನೆ. ಎಡಕ್ಕೆ, ಬೇಲಿಯಾಚೆ, ಕಾಗೆಗಳು ಒಟ್ಟಿಗೆ ಅರಚಿ ಎದ್ದವು. ಅಂದರೆ ಅಲ್ಲಿ ಯಾರೋ ಇದ್ದಾರೆ. ಸ್ವಲ್ಪ ಹೊತ್ತಿಗೆ ಬಾತುಗಳು ನೀರು ಬಡಿದು ಹಾರಿದವು, ಈ ಸಲ ಇನ್ನೂ ಹತ್ತಿರ. ಯಾರೆಂದು ಕಾಣದು, ಯಾವ ಕಡೆಗೆ, ಎಷ್ಟು ಅವಸರದಲ್ಲಿ ಬರುತ್ತಿದ್ದಾನೆಂದು ಗೊತ್ತು. ಬಂಡೀಪುರ, ನಾಗರಹೊಳೆಯಲ್ಲಿ ಹುಲಿ ಹುಡುಕುವುದೂ ಹೀಗೆಯೇ. ಮುಸುವ ಮರದ ತುದಿಯಿಂದ ಕೆಮ್ಮಿತು, ಚುಕ್ಕೆ ಜಿಂಕೆ ಕೂಗಿತು ಎಂದರೆ ಜೀಪಿನ ಎಂಜಿನ್ ಆಫ್ ಆಗುತ್ತದೆ. ಚುಕ್ಕೆ ಜಿಂಕೆ ಸುಮ್ಮಸುಮ್ಮನೆ ಕೂಗುವುದೂ ಉಂಟು. ಕಡವೆ ಕೂಗಿದರೆ ಹಳಬರು ನಂಬುತ್ತಾರೆ. ಹಂಟ್‌ನಲ್ಲಿ ಈ ವ್ಯತ್ಯಾಸವಿಲ್ಲ, ಯಾವ ಕಾಗೆಯೂ ಸುಳ್ಳು ಹೇಳುವುದಿಲ್ಲ. ಅದರ ಕಾಗೆಗಳು ತಿನ್ನುವುದು, ಜಗಳವಾಡುವುದು, ಗೂಡು ಕಟ್ಟುವುದನ್ನು ಕಾಣೆ, ಬರೀ ಕರೆಗಂಟೆ. ಆದರೂ ಕಾಡಿನಲ್ಲಿ ಕಿವಿಗೊಟ್ಟು ಕೂರುವುದನ್ನು ಇಷ್ಟು ಚೆನ್ನಾಗಿ ಕಲಿಸುವ ಗೇಮು ಇನ್ನೊಂದಿಲ್ಲ. ಒಳ್ಳೆಯ ಹೆಡ್‌ಫೋನ್ ಇಲ್ಲದವರು ಹತ್ತಿರ ಹೋಗಬೇಡಿ.

ಕೊನಾಮಿ 2025ರ ಆಗಸ್ಟಿನಲ್ಲಿ ಹೊಸದಾಗಿ ಕಟ್ಟಿ ತಂದ 'ಮೆಟಲ್ ಗೇರ್ ಸಾಲಿಡ್ ಡೆಲ್ಟಾ: ಸ್ನೇಕ್ ಈಟರ್' ಮೂಲದಲ್ಲಿ 2004ರ ಗೇಮು. 1964ರ ಸೋವಿಯತ್ ಕಾಡು. ಹಸಿವಾದರೆ ಹಾವು, ಕಪ್ಪೆ ಹಿಡಿದು ತಿನ್ನಬೇಕು. ಅಲ್ಲಿನ ಜವುಗಿನಲ್ಲಿ ಮಲಗಿರುವ ಮೊಸಳೆ ಯಾವುದೆಂದು ನೋಡಿದರೆ ಘರಿಯಾಲ್! ಚಂಬಲ್, ಗಂಡಕ್ ಹೊಳೆಗಳಲ್ಲಿ ಮೀನು ತಿಂದುಕೊಂಡಿರುವ, ನಮ್ಮ ಕಾವೇರಿಯಲ್ಲೂ ಇಲ್ಲದ ಬಡಪಾಯಿ ರಷ್ಯಾಕ್ಕೆ ಹೇಗೆ ಹೋಯಿತೋ. ಪ್ರಾಣಿಶಾಸ್ತ್ರದಲ್ಲಿ ಈ ಗೇಮಿಗೆ ಸೊನ್ನೆ.

ಮರೆಯಾಗುವ ವಿದ್ಯೆಯಲ್ಲಿ ಮಾತ್ರ ಇದನ್ನು ಮೀರಿಸಿದ್ದು ಅಪರೂಪ. ಎಷ್ಟು ಕಾಣದಂತಿದ್ದೇವೆ ಅನ್ನುವುದು ತೆರೆಯ ಮೂಲೆಯಲ್ಲಿ ಶೇಕಡಾವಾರು ತೋರುತ್ತದೆ. ಹುಲ್ಲಿನಲ್ಲಿ ಅದಕ್ಕೊಪ್ಪುವ ಬಟ್ಟೆ ತೊಟ್ಟು ಬೋರಲು ಮಲಗಿದರೆ ಅಂಕಿ ಏರುತ್ತದೆ, ತೆವಳಿದರೆ ಇಳಿಯುತ್ತದೆ. ಬಣ್ಣಕ್ಕಿಂತ ಅಲುಗಾಟವೇ ನಮ್ಮನ್ನು ಹಿಡಿದುಕೊಡುತ್ತದೆ ಅನ್ನುವುದಕ್ಕೆ ಇದಕ್ಕಿಂತ ನೇರ ಪಾಠವಿಲ್ಲ.

ಇದರಲ್ಲಿ 'ದಿ ಎಂಡ್' ಅನ್ನುವ ಒಬ್ಬ ಮುದುಕ ಬರುತ್ತಾನೆ. ನೂರು ದಾಟಿದ ಗುರಿಕಾರ, ಮೈಮೇಲೆ ಪಾಚಿ, ಭುಜಕ್ಕೊಂದು ಗಿಳಿ. ಮೂರು ದೊಡ್ಡ ತುಂಡು ಕಾಡಿನಲ್ಲಿ ಅವನನ್ನು ನಾವು ಹುಡುಕಬೇಕು, ನಮ್ಮನ್ನು ಅವನು. ಗುಂಡು ಹಾರಿಸಿದ ಮೇಲೆ ಜಾಗ ಬದಲಿಸುತ್ತಾನೆ, ಹೆಜ್ಜೆ ಉಳಿಯುತ್ತದೆ. ಒಮ್ಮೊಮ್ಮೆ ನಿದ್ದೆ ಹೋಗುತ್ತಾನೆ. ಹಕ್ಕಿಯ ದನಿ ಹಿಡಿಯುವವರು ಬಳಸುವಂಥ ದಿಕ್ಕಿನ ಮೈಕನ್ನು ಕಾಡಿನ ಕಡೆ ನಿಧಾನ ತಿರುಗಿಸುತ್ತ ಹೋದರೆ ಎಲೆಗಳ ಸದ್ದಿನ ನಡುವೆ ಎಲ್ಲೋ ಗೊರಕೆ ಕೇಳುತ್ತದೆ. ಒಂದು ಸಂಜೆಯಿಡೀ ಇದಕ್ಕೇ ಹೋಗಬಹುದು, ಹೋಗಲಿ. ಇನ್ನೊಂದು ಉಪಾಯವೂ ಇದೆ: ಕಾದಾಟದ ನಡುವೆ ಸೇವ್ ಮಾಡಿ ಒಂದು ವಾರ ಆಟವನ್ನೇ ಮುಟ್ಟದಿದ್ದರೆ, ವಾಪಸು ಬರುವಷ್ಟರಲ್ಲಿ ಮುದುಕ ವಯಸ್ಸಾಗಿ ತೀರಿಕೊಂಡಿರುತ್ತಾನೆ. ಕಾಯುವವನಿಗೆ ಇಷ್ಟು ದೊಡ್ಡ ಇನಾಮು ಕೊಟ್ಟ ಗೇಮು ನನಗೆ ಗೊತ್ತಿಲ್ಲ.

ಸರದಿಯ ಮೇಲೆ ಆಡುವ ಟ್ಯಾಕ್ಟಿಕಲ್ ಗೇಮುಗಳಿಗೂ ಇದೇ ಪರೀಕ್ಷೆ ಒಪ್ಪುತ್ತದೆ, ಅಲ್ಲಿ ಮರ-ಹಕ್ಕಿ ಕಡಿಮೆಯಿದ್ದರೂ. 'ಎಕ್ಸ್‌ಕಾಮ್ 2' (2016) ಮಲೆನಾಡಿನ ಹಳೆಯ ಬೇಟೆಯವರು ಮರಸು ಕೂರುತ್ತಿದ್ದ ಲೆಕ್ಕದಲ್ಲೇ ಶುರುವಾಗುತ್ತದೆ: ನಮ್ಮವರು ಇನ್ನೂ ಯಾರ ಕಣ್ಣಿಗೂ ಬಿದ್ದಿಲ್ಲ, ಒಬ್ಬೊಬ್ಬರನ್ನು ಒಂದೊಂದು ಕಂಡಿಗೆ ಕೂರಿಸಿ, ಎದುರಾಳಿ ತಾನಾಗಿ ನಡೆದು ಬರುವವರೆಗೆ ಕೈ ತಡೆದು ಕಾಯಬೇಕು. ಗುಂಪು ನಮ್ಮನ್ನು ಕಂಡ ಕ್ಷಣ, ನಮ್ಮ ಸರದಿಯ ನಡುವೆಯೇ, ಚದುರಿ ಮರೆ ಹಿಡಿಯುತ್ತದೆ. ಅನ್ಯಾಯ ಎಂದು ಆಡುವವರು ಬೈಯುತ್ತಾರೆ. ನನಗೇನೋ ಸರಿ ಕಂಡಿತು; ಜಿಂಕೆ ನಿಮ್ಮ ಸರದಿ ಮುಗಿಯಲೆಂದು ಕಾಯುವುದಿಲ್ಲ. 'ಇನ್‌ಟು ದ ಬ್ರೀಚ್' (2018) ಬರೀ 8×8 ಮನೆಗಳ ಹಾಸು, ನೆಲದಿಂದೇಳುವ ದೈತ್ಯ ಕೀಟಗಳು. ಪ್ರತಿ ಕೀಟ ಮುಂದೇನು ಮಾಡಲಿದೆಯೆಂದು ಮೊದಲೇ ತೋರಿಸಲಾಗುತ್ತದೆ, ಅದನ್ನು ಓದಿ ತಪ್ಪಿಸುವುದೇ ಆಟ. ಆನೆಯ ಕಿವಿ, ಬಾಲ, ಕಾಲು ನೋಡಿ ಮುಂದಿನದನ್ನು ಊಹಿಸುವವರಿಗೆ ಅಭ್ಯಾಸವಾದ ಕೆಲಸ. ಆದರೆ ಆನೆ ಹುಸಿ ದಾಳಿ ಮಾಡಬಲ್ಲದು. ಈ ಕೀಟಗಳಿಗೆ ಹುಸಿ ಗೊತ್ತಿಲ್ಲ, ಹಾಗಾಗಿ ಅಚ್ಚುಕಟ್ಟಾದ ಗಣಿತವಾಗಿ ಉಳಿಯುತ್ತದೆ. ಬಸ್ಸಿನ ಪ್ರಯಾಣಕ್ಕೆ ಉತ್ತಮ.

ಕೊನೆಗೆ 'ಶ್ಯಾಡೋ ಟ್ಯಾಕ್ಟಿಕ್ಸ್', 2016ರದ್ದು. 1615ರ ಜಪಾನು, ಮೇಲಿನಿಂದ ನೋಡುವ ಆಟ, ಪ್ರತಿ ಕಾವಲುಗಾರನ ನೋಟ ನೆಲದ ಮೇಲೆ ಹಸಿರು ಬೀಸಣಿಗೆಯಾಗಿ ಹರಡಿರುತ್ತದೆ. ಹಿಮದ ಮೇಲೆ ನಡೆದರೆ ಹೆಜ್ಜೆ ಮೂಡುತ್ತದೆ. ಕಾವಲಿನವನು ಅದನ್ನು ಕಂಡರೆ ಬಗ್ಗಿ ನೋಡಿ ಜಾಡು ಹಿಡಿದು ಬರುತ್ತಾನೆ, ಸ್ವಲ್ಪ ಹೊತ್ತು ಬಿಟ್ಟರೆ ಹಿಮ ಅದನ್ನು ಮುಚ್ಚುತ್ತದೆ. ಮುದುಕ ಗುರಿಕಾರನೊಬ್ಬನ ಸಾಕುಪ್ರಾಣಿಯಾಗಿ ಕುಮಾ ಎಂಬ ತನುಕಿ, ಅಂದರೆ ಜಪಾನಿನ ರಕೂನ್ ನಾಯಿ, ಕಾವಲಿನವರ ಗಮನ ಸೆಳೆಯಲು ಇದೆ. ನೋಡುವುದು, ಕಾಯುವುದು, ಯಾರು ಎಷ್ಟು ಹೊತ್ತಿಗೆ ಎಲ್ಲಿ ತಿರುಗುತ್ತಾರೆಂದು ಮನಸ್ಸಿನಲ್ಲೇ ಬರೆದುಕೊಳ್ಳುವುದು, ಆಮೇಲೆ ಒಂದೇ ಏಟು. ಇದನ್ನು ಮಾಡಿದ ಮ್ಯೂನಿಕ್‌ನ ಮಿಮಿಮಿ ಸ್ಟುಡಿಯೊ 2023ರಲ್ಲಿ ಬಾಗಿಲು ಹಾಕುವುದಾಗಿ ಹೇಳಿತು. ಆಟ ಮಾತ್ರ ಇನ್ನೂ ಮಾರಾಟಕ್ಕಿದೆ, ಸಾಧಾರಣ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ.

ಒಂದನ್ನೇ ಕೊಳ್ಳುವವರು, ಕಂಪ್ಯೂಟರಿನಲ್ಲಿ 150 ಜಿಬಿ ಜಾಗವಿದ್ದರೆ, ರೆಡ್ ಡೆಡ್ ತಗೊಳ್ಳಿ. ಆಗಾಗ ಅರ್ಧ ಬೆಲೆಗೂ ಕಡಿಮೆಗೆ ಬರುತ್ತದೆ, ಅಲ್ಲಿಯವರೆಗೆ ಕಾಯಿರಿ. ಜಾಗವಿಲ್ಲದವರಿಗೆ ಶ್ಯಾಡೋ ಟ್ಯಾಕ್ಟಿಕ್ಸ್. ರೆಡ್ ಡೆಡ್ ಶುರು ಮಾಡುವ ಮುಂಚೆ ಸೆಟ್ಟಿಂಗ್ಸ್‌ಗೆ ಹೋಗಿ ಮೂಲೆಯಲ್ಲಿರುವ ಪುಟ್ಟ ಮ್ಯಾಪನ್ನು ಆಫ್ ಮಾಡಿ. ಕಣ್ಣು ಅದರ ಮೇಲಿರುವಷ್ಟು ಹೊತ್ತು ಕಾಡು ಕಾಣುವುದಿಲ್ಲ.